ಕಣ್ಣು ಬಿಟ್ಟ ಇಂಜೆರಾ



ಎಲ್ಲರ ಮನೆ ದೋಸೆಯೂ ತೂತೇ ಎಂದು ನಾವು ಸಮಾಧಾನಕ್ಕೆ ಹೇಳಿಕೊಳ್ಳುವುದುಂಟು. ಇಥಿಯೋಪಿಯಾದ ಮನೆಗಳಲ್ಲಿ ಈ ಸಮಾಧಾನ ನಡೆಯುವುದಿಲ್ಲ. ಅಲ್ಲಿ ದಿನನಿತ್ಯ ಉಣ್ಣುವ ಇಂಜೆರಾ ಎಂಬ ಹುಳಿರೊಟ್ಟಿಯಲ್ಲಿ ತೂತು ಇಲ್ಲದಿದ್ದರೇ ಹುಯ್ದವಳ ಮಾನ ಹೋಗುವುದು. ಆ ತೂತುಗಳನ್ನು ಅವರು ಕಣ್ಣು ಎನ್ನುತ್ತಾರೆ. ಅವು ಒತ್ತೊತ್ತಾಗಿ, ಒಂದೇ ಸಮನಾಗಿ, ಅಂಚಿನವರೆಗೂ ಬಿಟ್ಟಿರಬೇಕು.

ಇಂಜೆರಾದ ಧಾನ್ಯ ಟೆಫ್. ಒಂದು ಗ್ರಾಂ ತೂಗಲು ಎರಡು ಸಾವಿರಕ್ಕೂ ಹೆಚ್ಚು ಕಾಳು ಬೇಕು, ಅಷ್ಟು ಸಣ್ಣದು. ಹಾಗಾಗಿ ತೌಡು ತೆಗೆಯುವ ಮಾತೇ ಇಲ್ಲ, ಇಡಿಯಾಗಿಯೇ ಬೀಸುತ್ತಾರೆ. ಗೋಧಿಯಲ್ಲಿರುವ ಗ್ಲುಟೆನ್ ಇದರಲ್ಲಿಲ್ಲ. ಹುದುಗಿನಿಂದ ಎದ್ದ ಗಾಳಿಯನ್ನು ಹಿಡಿದಿಡುವ ಅಂಟು ಈ ಹಿಟ್ಟಿಗೆ ತಾನಾಗಿ ಬರುವುದಿಲ್ಲ. ಹಾಗಿದ್ದರೆ ಕಣ್ಣು ಬರುವುದು ಹೇಗೆ?

ಕಲಸಿದ ಹಿಟ್ಟಿಗೆ ಹೆಪ್ಪಾಗಿ ಹಾಕುವುದು ಎರ್ಶೊ, ಅಂದರೆ ಹಿಂದಿನ ಸಲದ ಹಿಟ್ಟಿನ ಮೇಲೆ ನಿಂತ ಹಳದಿ ತಿಳಿನೀರು. ಎರಡು ಮೂರು ದಿನ ಹುಳಿ ಬಂದ ಮೇಲೆ ನೀರು ಬಸಿದು, ಒಂದು ಪಾಲು ಹಿಟ್ಟನ್ನು ತೆಗೆದು ಗಂಜಿ ಕಾಯಿಸುತ್ತಾರೆ. ಆರಿದ ಗಂಜಿಯನ್ನು ಮತ್ತೆ ಅದೇ ಹಿಟ್ಟಿಗೆ ಸುರಿದು ಕದಡುತ್ತಾರೆ. ಇದಕ್ಕೆ ಅಬ್ಸಿತ್ ಎಂದು ಹೆಸರು. ಬೆಂದ ಪಿಷ್ಟ ಹಿಟ್ಟಿಗೆ ಅಂಟು ಕೊಡುತ್ತದೆ, ಹುದುಗೂ ಮತ್ತೊಮ್ಮೆ ಚುರುಕಾಗುತ್ತದೆ. ಇಡೀ ಅಡುಗೆಯಲ್ಲಿ ನಾನು ತಲೆದೂಗುವುದು ಈ ಗಂಜಿಗೆ. ಯಾವ ಅಜ್ಜಿಗೆ ಮೊದಲು ಹೊಳೆಯಿತೋ!

ಇನ್ನು ಒಲೆಯ ಮುಂದೆ ಬನ್ನಿ. ಮಿತಾದ್ ಎಂಬ ಮಣ್ಣಿನ ಹೆಂಚು ಅರ್ಧ ಮೀಟರಿಗೂ ಅಗಲ. ಎಣ್ಣೆ ಹಾಕುವುದಿಲ್ಲ, ಸಾಸಿವೆ ಜಾತಿಯ ಬೀಜದ ಪುಡಿ ಉಜ್ಜಿ ನುಣುಪು ಮಾಡುತ್ತಾರೆ. ದೋಸೆಯನ್ನು ನಾವು ನಡುವೆ ಹುಯ್ದು ಹೊರಕ್ಕೆ ಹರಡುತ್ತೇವೆ. ಅಲ್ಲಿ ಅಂಚಿನಿಂದ ಶುರುಮಾಡಿ ಸುತ್ತು ಸುತ್ತಾಗಿ ನಡುವಿಗೆ ಬರುತ್ತಾರೆ, ಸೌಟು ತಾಗಿಸುವಂತಿಲ್ಲ. ಕೈಯ ಧಾರೆ ತಡವರಿಸಿದರೆ ಅದರ ಗುರುತು ಅಲ್ಲೇ ಉಳಿಯುತ್ತದೆ. ಕಣ್ಣು ಒಡೆಯತೊಡಗಿದಾಗ ಮುಚ್ಚಳ. ಮಗುಚುವುದಿಲ್ಲ, ಮೇಲ್ಭಾಗ ಹಬೆಯಲ್ಲೇ ಬೇಯುತ್ತದೆ. ಎರಡು ಮೂರು ನಿಮಿಷಕ್ಕೆ ಹುಲ್ಲಿನ ತಟ್ಟೆಯನ್ನು ಅಡಿಗೆ ಜಾರಿಸಿ ಎಳೆದುಕೊಂಡರೆ ಮುಗಿಯಿತು.

ಊಟಕ್ಕೆ ಇದೇ ತಟ್ಟೆ, ಇದೇ ಚಮಚ. ಮೇಲೆ ಕಡಲೆಹಿಟ್ಟಿನ ಶಿರೊ, ವೊತ್ ಎಂಬ ಬೇಳೆಯ ಗೊಜ್ಜು, ಹಬ್ಬವಾದರೆ ಕೋಳಿ ಮತ್ತು ಮೊಟ್ಟೆಯ ಡೊರೊ ವೊತ್. ಆರ್ಥೊಡಾಕ್ಸ್ ಕ್ರೈಸ್ತರಿಗೆ ಬುಧವಾರ, ಶುಕ್ರವಾರ ಉಪವಾಸ. ಆ ದಿನ ಹಾಲು, ತುಪ್ಪವೂ ವರ್ಜ್ಯ. ಮೇಲೆ ಏನೇ ಬಡಿಸಿರಲಿ, ಕಣ್ಣುಗಳ ಕೆಲಸ ಈಗ ತಿಳಿಯುತ್ತದೆ: ಗೊಜ್ಜೆಲ್ಲ ಅವುಗಳಲ್ಲಿ ಇಳಿಯುತ್ತದೆ. ಒಂದೇ ಇಂಜೆರಾದ ಸುತ್ತ ಮನೆಮಂದಿ ಕೂತು, ಪಕ್ಕದವರ ಬಾಯಿಗೆ ತಾವೇ ತುತ್ತಿಡುತ್ತಾರೆ. ಗುರ್ಶಾ ಎಂಬ ಈ ತುತ್ತನ್ನು ಬೇಡ ಎನ್ನುವುದು ಸರಿಯಲ್ಲ.

ಅಂದಹಾಗೆ, ನಮ್ಮ ರಾಗಿಯ ತವರೂ ಪೂರ್ವ ಆಫ್ರಿಕಾದ ಅದೇ ಎತ್ತರದ ಸೀಮೆ. ಅಲ್ಲಿ ಅದು ದಗುಸ್ಸ. ಟೆಫ್ ಕೈಗೆಟುಕದ ಮನೆಗಳಲ್ಲಿ ರಾಗಿ, ಜೋಳ ಬೆರೆಸಿ ಇಂಜೆರಾ ಹುಯ್ಯುತ್ತಾರೆ. ಬಣ್ಣ ಕಪ್ಪಾಗುತ್ತದೆ. ಬಿಳಿ ಟೆಫ್‌ಗೆ ಬೆಲೆಯೂ ಹೆಚ್ಚು, ಮರ್ಯಾದೆಯೂ ಹೆಚ್ಚು. ಮುದ್ದೆ ಉಂಡು ಬೆಳೆದ ನಾವು ಮಾತ್ರ ಈ ತೀರ್ಪನ್ನು ಒಪ್ಪಬೇಕಾಗಿಲ್ಲ.