ವಿನ್‌ಕ್ರಿಸ್ಟಿನ್ ಚುಚ್ಚುಮದ್ದು: ಆರಂಭಕ್ಕೆ ಮುನ್ನ ತಿಳಿದಿರಬೇಕಾದದ್ದು

ಮನೆಯಂಗಳದಲ್ಲಿ ವರ್ಷವಿಡೀ ಅರಳುವ, ಐದು ಎಸಳಿನ ನಿತ್ಯಪುಷ್ಪವನ್ನು ನೀವೆಲ್ಲ ನೋಡಿದ್ದೀರಿ. ಸದಾಪುಷ್ಪ, ಕಾಶಿಕಣಗಿಲೆ ಎಂದೂ ಅದಕ್ಕೆ ಹೆಸರುಂಟು. ತವರು ಮಡಗಾಸ್ಕರ್ ದ್ವೀಪ. ಈ ಗಿಡದಿಂದ ದೊರೆತ ವಿನ್‌ಕ್ರಿಸ್ಟಿನ್ ಎಂಬ ಔಷಧ ಮಕ್ಕಳ ರಕ್ತದ ಕ್ಯಾನ್ಸರಿನ ಚಿಕಿತ್ಸೆಯಲ್ಲಿ ಇಂದಿಗೂ ಮುಖ್ಯವಾದುದು. ಅದನ್ನು ಪಡೆಯುವ ಮೊದಲು ರೋಗಿಯೂ ಮನೆಯವರೂ ಏನನ್ನು ತಿಳಿದಿರಬೇಕು? ನಾನು ವೈದ್ಯನಲ್ಲ, ವಿಜ್ಞಾನ ಓದಿದವನು. ವೈದ್ಯರೊಡನೆ ನೀವು ಚೆನ್ನಾಗಿ ಮಾತನಾಡಲು ನೆರವಾಗಲಿ ಎಂಬುದಷ್ಟೇ ಈ ಭಾಷಣದ ಉದ್ದೇಶ.

ಮೊದಲು ಸ್ವಲ್ಪ ಇತಿಹಾಸ. ಜಮೈಕದಲ್ಲಿ ಈ ಎಲೆಯ ಕಷಾಯವನ್ನು ಮಧುಮೇಹಕ್ಕೆ ಕುಡಿಯುತ್ತಿದ್ದರು. 1952ರಲ್ಲಿ ಅಲ್ಲಿಂದ ಬಂದ ಎಲೆಗಳನ್ನು ಕೆನಡಾದ ವಿಜ್ಞಾನಿ ರಾಬರ್ಟ್ ನೋಬಲ್ ಪ್ರಾಣಿಗಳ ಮೇಲೆ ಪರೀಕ್ಷಿಸಿದರು. ರಕ್ತದ ಸಕ್ಕರೆ ಇಳಿಯಲಿಲ್ಲ. ಆದರೆ ಬಿಳಿಯ ರಕ್ತಕಣಗಳು ಕಡಿಮೆಯಾದವು. ಬಿಳಿಯ ಕಣಗಳು ಮಿತಿಮೀರುವ ರೋಗಕ್ಕೆ ಇದೇಕೆ ಮದ್ದಾಗಬಾರದು? ಅವರೂ ಚಾರ್ಲ್ಸ್ ಬೀರ್ ಅವರೂ ಮೊದಲು ವಿನ್‌ಬ್ಲಾಸ್ಟಿನ್ ಎಂಬ ವಸ್ತುವನ್ನು ಬೇರ್ಪಡಿಸಿದರು. ಅದೇ ಗಿಡದ ವಿನ್‌ಕ್ರಿಸ್ಟಿನ್ 1963ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆಯಿತು.

ಇದು ಕೆಲಸ ಮಾಡುವ ರೀತಿ ಹೀಗೆ: ಜೀವಕೋಶವೊಂದು ಎರಡಾಗುವಾಗ ವರ್ಣತಂತುಗಳನ್ನು ಎರಡು ಬದಿಗೆ ಸೆಳೆಯಲು ಸೂಕ್ಷ್ಮ ನಳಿಕೆಗಳು ಬೇಕು. ವಿನ್‌ಕ್ರಿಸ್ಟಿನ್ ಆ ನಳಿಕೆಗಳು ಕಟ್ಟಿಕೊಳ್ಳದಂತೆ ತಡೆಯುತ್ತದೆ. ವಿಭಜನೆ ಅರ್ಧಕ್ಕೇ ನಿಂತು ಕೋಶ ಸಾಯುತ್ತದೆ. ಆದರೆ ನಮ್ಮ ನರಗಳೂ ತಮ್ಮ ಉದ್ದನೆಯ ಎಳೆಗಳ ತುದಿಗೆ ಬೇಕಾದ ವಸ್ತುಗಳನ್ನು ಸಾಗಿಸುವುದು ಇಂಥ ನಳಿಕೆಗಳ ಮೂಲಕವೇ. ಆದ್ದರಿಂದ ಮದ್ದಿನ ಪೆಟ್ಟು ನರಗಳಿಗೂ ತಗಲುತ್ತದೆ.

ಈ ಒಂದು ಅಂಶ ತಿಳಿದರೆ ಅಡ್ಡಪರಿಣಾಮಗಳು ಅರ್ಥವಾಗುತ್ತವೆ. ಬೆರಳ ತುದಿಗಳಲ್ಲಿ ಜೋಮು, ದವಡೆಯಲ್ಲಿ ನೋವು, ಅಂಗಿಯ ಗುಂಡಿ ಹಾಕಲು ಕಷ್ಟ, ನಡೆಯುವಾಗ ಎಡವುವುದು. ಕರುಳಿನ ನರಗಳು ಮಂದವಾದರೆ ತೀವ್ರ ಮಲಬದ್ಧತೆ. ಅದಕ್ಕೆ ಮೊದಲೇ ಔಷಧ ಬೇಕೇ ಎಂದು ಕೇಳಿಟ್ಟುಕೊಳ್ಳಬೇಕು. ಪುಟ್ಟ ಮಗು ಜೋಮು ಹಿಡಿದಿದೆ ಎಂದು ಹೇಳಲಾರದು. ಅದರ ನಡಿಗೆಯನ್ನು ಮನೆಯವರೇ ಗಮನಿಸಬೇಕು. ಹೇಳಿದರೆ ಚಿಕಿತ್ಸೆ ನಿಂತೀತೆಂಬ ಭಯದಿಂದ ಮುಚ್ಚಿಡುವುದು ಬೇಡ. ವೈದ್ಯರು ಪ್ರಮಾಣವನ್ನು ಸರಿಹೊಂದಿಸಬಲ್ಲರು. ಅದಕ್ಕೆ ಅವರಿಗೆ ವಿಷಯ ಗೊತ್ತಿರಬೇಕಷ್ಟೆ.

ವೈದ್ಯರಿಗೆ ಮೊದಲೇ ತಿಳಿಸಬೇಕಾದವು ಕೆಲವಿವೆ. ಕಾಮಾಲೆ ಅಥವಾ ಯಕೃತ್ತಿನ ತೊಂದರೆ ಇದೆಯೇ? ವಂಶದಲ್ಲಿ ನರದೌರ್ಬಲ್ಯದ ಕಾಯಿಲೆ ಉಂಟೇ? ಗರ್ಭಧಾರಣೆಯ ಸಾಧ್ಯತೆ ಇದೆಯೇ? ಬೇರೆ ಯಾವ ಮಾತ್ರೆಗಳು ನಡೆಯುತ್ತಿವೆ? ಶಿಲೀಂಧ್ರ ಸೋಂಕಿಗೆ ಕೊಡುವ ಇಟ್ರಕೊನಜೋಲ್, ವೊರಿಕೊನಜೋಲ್ ಮುಂತಾದವು ವಿನ್‌ಕ್ರಿಸ್ಟಿನ್ ದೇಹದಲ್ಲಿ ಕರಗುವುದನ್ನು ತಡೆದು ಅದರ ವಿಷವನ್ನು ಹೆಚ್ಚಿಸುತ್ತವೆ. ನಾಟಿಮದ್ದನ್ನೂ ಮರೆಮಾಚಬಾರದು. ‘ಗಿಡ ಮನೆಯಲ್ಲೇ ಇದೆಯಲ್ಲ, ಎಲೆ ಅರೆದು ಕುಡಿಸೋಣ’ ಎಂಬ ಯೋಚನೆಯಂತೂ ಅಪಾಯಕರ. ಎಲೆಯಲ್ಲಿ ಈ ಔಷಧ ಅತ್ಯಲ್ಪ. ಜೊತೆಗಿರುವ ಇತರ ಕ್ಷಾರಾಭಗಳು ಹಲವಾರು, ಅವು ವಿಷಕಾರಿ. ಆಸ್ಪತ್ರೆಯಲ್ಲಾದರೋ ಮಿಲಿಗ್ರಾಂ ಲೆಕ್ಕದಲ್ಲಿ ಅಳೆದು ಕೊಡುತ್ತಾರೆ. ಒಂದು ಸಲಕ್ಕೆ ಸಾಮಾನ್ಯವಾಗಿ 2 ಮಿಲಿಗ್ರಾಂ ದಾಟುವುದಿಲ್ಲ.

ಇನ್ನು ಮದ್ದು ಕೊಡುವ ಕ್ಷಣ. ವಿನ್‌ಕ್ರಿಸ್ಟಿನನ್ನು ರಕ್ತನಾಳಕ್ಕೆ ಮಾತ್ರ ಕೊಡಬೇಕು. ಅದು ನಾಳದ ಹೊರಗೆ ಸೋರಿದರೆ ಸುತ್ತಲ ಮಾಂಸ ಸುಟ್ಟಂತಾಗುತ್ತದೆ. ಉರಿ ಅಥವಾ ನೋವು ಎನಿಸಿದೊಡನೆ ದಾದಿಗೆ ಹೇಳಬೇಕು. ಬೆನ್ನುಹುರಿಯ ದ್ರವಕ್ಕೆ ಸೇರಿದರಂತೂ ಪ್ರಾಣಾಂತಿಕ. ರಕ್ತದ ಕ್ಯಾನ್ಸರಿನಲ್ಲಿ ಮೆಥೊಟ್ರೆಕ್ಸೇಟ್ ಎಂಬ ಮತ್ತೊಂದು ಮದ್ದನ್ನು ಬೆನ್ನಿನ ಮೂಲಕವೇ ಕೊಡುವುದುಂಟು. ಇವೆರಡೂ ಅದಲುಬದಲಾಗಿ ಜಗತ್ತಿನ ಹಲವೆಡೆ ಸಾವುಗಳು ಸಂಭವಿಸಿವೆ. ಸಿರಿಂಜಿನ ಬದಲು ಪುಟ್ಟ ಚೀಲದಲ್ಲಿ ಬೆರೆಸಿ ಹನಿಸಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲಿ ಎಚ್ಚರಿಸಿತು. ‘ಸಿಸ್ಟರ್, ಇದು ಯಾವ ಮದ್ದು? ಎಲ್ಲಿಗೆ ಕೊಡುತ್ತೀರಿ?’ ಎಂದು ಕೇಳುವುದು ಉದ್ಧಟತನವಲ್ಲ, ಅದು ರೋಗಿಯ ಹಕ್ಕು.

ಜೊತೆಯ ಇತರ ಮದ್ದುಗಳಿಂದ ರೋಗನಿರೋಧಕ ಶಕ್ತಿ ಕುಗ್ಗಿರುತ್ತದೆ. ಜ್ವರ 38 ಡಿಗ್ರಿ ಸೆಲ್ಸಿಯಸ್, ಅಂದರೆ ಫ್ಯಾರನ್‌ಹೀಟ್ ಮಾಪಕದಲ್ಲಿ 100.4 ತಲುಪಿದರೆ ಬೆಳಗಾಗಲಿ ಎಂದು ಕಾಯದೆ ಆಸ್ಪತ್ರೆಗೆ ಹೋಗಬೇಕು. ಕೂದಲು ಉದುರಬಹುದು, ಚಿಕಿತ್ಸೆ ಮುಗಿದ ಮೇಲೆ ಸಾಮಾನ್ಯವಾಗಿ ಮತ್ತೆ ಬೆಳೆಯುತ್ತದೆ.

ಮಿತ್ರರೇ, ಎಷ್ಟೋ ಮನೆಗಳಲ್ಲಿ ಓದುಬರಹ ಬಲ್ಲವರು ನೀವೇ ಆಗಿರುತ್ತೀರಿ. ಒಂದು ನೋಟುಪುಸ್ತಕದಲ್ಲಿ ಮದ್ದಿನ ಹೆಸರು, ದಿನಾಂಕ, ಪ್ರಮಾಣ, ಕಂಡ ತೊಂದರೆ ಇವನ್ನು ಬರೆದಿಡಿ; ಆಸ್ಪತ್ರೆಯ ದೂರವಾಣಿ ಸಂಖ್ಯೆಯೂ ಅಲ್ಲಿರಲಿ. ಅಜ್ಜಿಗೆ, ಅಮ್ಮನಿಗೆ, ಪುಟ್ಟ ತಂಗಿಗೆ ನೀವು ಮಾಡಬಹುದಾದ ದೊಡ್ಡ ಸೇವೆ ಅದು. ಬೋಳುತಲೆಯಲ್ಲಿ ಗೆಳೆಯನೊಬ್ಬ ತರಗತಿಗೆ ಮರಳಿದರೆ, ಪಕ್ಕದಲ್ಲಿ ಜಾಗ ಕೊಡಿ. ನಿಮಗೆ ನೆಗಡಿಯಿದ್ದ ದಿನ ಮಾತ್ರ ಸ್ವಲ್ಪ ದೂರವಿರಿ.