ಅಕ್ಷರ ಕಲಿಸಿದ ಶಾಲೆಗೆ ನಮ್ಮ ಕಾಣಿಕೆ

(ಕೀಲ್ಪಾಕಿನ ರಾಜ್ಯೋತ್ಸವ ಸಭೆಯಲ್ಲಿ ಮಾಡಿದ ಭಾಷಣ)



1956ರ ನವೆಂಬರ್ 1ರಂದು ಕನ್ನಡನಾಡು ಒಂದಾಯಿತು. ಅದೇ ದಿನ ದಕ್ಷಿಣ ಕನ್ನಡ ಜಿಲ್ಲೆ ಮದರಾಸು ರಾಜ್ಯವನ್ನು ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿತು. ಕಾಸರಗೋಡು ಕೇರಳದ ಪಾಲಾಯಿತು. ಅಲ್ಲಿಯವರೆಗೆ ನಮ್ಮ ಕರಾವಳಿಯ ಶಾಲೆಗಳಿಗೆ ಅನುದಾನ ಮಂಜೂರಾಗುತ್ತಿದ್ದುದು ಇದೇ ಊರಿನ ಸರಕಾರದಿಂದ. ಸರಕಾರದ ಮಟ್ಟಿಗೆ ಆ ಸಂಬಂಧ ಮುಗಿಯಿತು. ಇಲ್ಲಿ ನೆಲಸಿದ ನಮ್ಮ ಮಟ್ಟಿಗೆ ಅದು ಮುಗಿಯಬೇಕಾಗಿಲ್ಲ.

ನಮ್ಮಲ್ಲಿ ಮಂಗಳೂರಿನ ಕಡೆಯವರು ಅನೇಕರಿದ್ದೇವೆ. ಹಿಂದುಗಳಾಗಲಿ, ಮುಸಲ್ಮಾನರಾಗಲಿ, ಕ್ರೈಸ್ತರಾಗಲಿ, ಹಲವರು ಅಕ್ಷರ ಕಲಿತದ್ದು ಇಗರ್ಜಿಯ ಮಗ್ಗುಲಿನ ಕನ್ನಡ ಶಾಲೆಯಲ್ಲಿಯೇ. 1870ರಲ್ಲಿ ಮಂಗಳೂರಿಗೆ ಬಂದ ಅಪೋಸ್ತಲಿಕ್ ಕಾರ್ಮೆಲ್ ಸಹೋದರಿಯರೂ, ರೇಮಂಡ್ ಮಸ್ಕರೇನ್ಹಸ್ ಅವರು 1921ರಲ್ಲಿ ಬೆಂದೂರಿನಲ್ಲಿ ಸ್ಥಾಪಿಸಿದ ಬೆಥನಿ ಸಂಸ್ಥೆಯ ಸಹೋದರಿಯರೂ ಹೆಣ್ಣುಮಕ್ಕಳ ಓದಿಗೆ ದಾರಿ ತೆರೆದರು. 1880ರಲ್ಲಿ ಜೆಸುಯಿಟರು ಆರಂಭಿಸಿದ ಸಂತ ಅಲೋಶಿಯಸ್ ಕಾಲೇಜು ಊರವರು ದಾನವಿತ್ತ ಗುಡ್ಡದ ಮೇಲೆ ಎದ್ದಿತು. ಈ ವಿದ್ಯಾಲಯಗಳಿಗೆ ದಾನವೆಂಬುದು ಹೊಸತಲ್ಲ.

ಈಗ ಆ ಪ್ರಾಥಮಿಕ ಶಾಲೆಗಳಲ್ಲಿ ಹಲವು ಕಷ್ಟದಲ್ಲಿವೆ. ಅನುದಾನಿತ ಶಾಲೆಯಲ್ಲಿ ಮಂಜೂರಾದ ಹುದ್ದೆಗೆ ಸರಕಾರ ಸಂಬಳ ಕೊಡುತ್ತದೆ. ಅಧ್ಯಾಪಕರು ನಿವೃತ್ತರಾದರೆ ಆ ಜಾಗ ತುಂಬಲು ವರುಷಗಳೇ ಹಿಡಿಯುವುದುಂಟು. ಅಷ್ಟರವರೆಗೆ ಸಂಚಾಲಕರು ಗೌರವ ಶಿಕ್ಷಕರನ್ನು ನೇಮಿಸಿಕೊಳ್ಳುತ್ತಾರೆ. ಅವರ ಸಂಬಳ ಎಲ್ಲಿಂದ ಬರಬೇಕು? ಉಳ್ಳವರ ಮಕ್ಕಳು ಇಂಗ್ಲಿಷ್ ಶಾಲೆಗೆ ಹೋಗುತ್ತಾರೆ. ಕನ್ನಡ ಶಾಲೆಯಲ್ಲಿ ಉಳಿದ ಬಡವರ ಮಕ್ಕಳಿಂದ ಶುಲ್ಕ ಕೇಳುವುದು ಹೇಗೆ? ಅಧ್ಯಾಪಕರಿಲ್ಲದಿದ್ದರೆ ಮಕ್ಕಳು ಬಿಡುತ್ತಾರೆ. ಮಕ್ಕಳು ಕಡಿಮೆಯಾದರೆ ಹುದ್ದೆ ಹೋಗುತ್ತದೆ. ಹುದ್ದೆ ಹೋದರೆ ಶಾಲೆಗೆ ಬೀಗ.

ಇದು ನಮ್ಮೂರಿನದಷ್ಟೇ ಕಥೆಯಲ್ಲ. ಅಮೆರಿಕದ ಕ್ಯಾಥೊಲಿಕ್ ಶಾಲೆಗಳಲ್ಲಿ 1960ರ ದಶಕದಲ್ಲಿ ಸುಮಾರು 52 ಲಕ್ಷ ಮಕ್ಕಳಿದ್ದರು. ಈಗ 17 ಲಕ್ಷದಷ್ಟು. ಸ್ವಂತಕ್ಕೆ ಏನನ್ನೂ ಇಟ್ಟುಕೊಳ್ಳದೆ ಪಾಠ ಹೇಳುತ್ತಿದ್ದ ಸಹೋದರಿಯರು ಕಡಿಮೆಯಾದದ್ದೂ, ಅದರಿಂದ ಶುಲ್ಕ ಏರಿದ್ದೂ ಅದಕ್ಕೆ ಒಂದು ಕಾರಣ. ಈಗ ಅಲ್ಲಿನ ಪ್ರಾಥಮಿಕ ಶಾಲೆಗಳೂ ಹಳೆ ವಿದ್ಯಾರ್ಥಿಗಳ ವಿಳಾಸ ಹುಡುಕಿ ನೆರವು ಕೇಳುತ್ತಿವೆ.

ಕಾಲೇಜಿನ ಹಳೆ ವಿದ್ಯಾರ್ಥಿ ಸಂಘಕ್ಕೆ ಜನ ಸಂತೋಷದಿಂದ ಚಂದಾ ಕೊಡುತ್ತಾರೆ. ಒಂದನೆಯ ತರಗತಿಯ ಶಾಲೆಗೆ ಕೊಡುವವರು ವಿರಳ. ಕೊಟ್ಟರೂ ಮಹಾದ್ವಾರಕ್ಕೋ ರಂಗಮಂಟಪಕ್ಕೋ ಕೊಡುವುದು ವಾಡಿಕೆ, ಕಲ್ಲಿನ ಮೇಲೆ ಹೆಸರು ನಿಲ್ಲುತ್ತದೆಂದು. ಮಹಾದ್ವಾರ ಮಗ್ಗಿ ಹೇಳಿಕೊಡುವುದಿಲ್ಲ. ಶಾಲೆಗೆ ಬೇಕಾದುದು ತಿಂಗಳು ತಿಂಗಳೂ ತಪ್ಪದೆ ಬರುವ ಸಂಬಳದ ಹಣ.

ಲೆಕ್ಕ ಸರಳವಾಗಿದೆ. ಒಬ್ಬ ಗೌರವ ಶಿಕ್ಷಕರಿಗೆ ತಿಂಗಳಿಗೆ 10,000 ರೂಪಾಯಿ ಎಂದಿಟ್ಟುಕೊಳ್ಳೋಣ. 20 ಕುಟುಂಬಗಳು ತಲಾ 500 ರೂಪಾಯಿ ಕೊಟ್ಟರೆ ಸಾಕು. ಶಾಶ್ವತ ದತ್ತಿನಿಧಿಯೇ ಆಗಬೇಕೆಂದರೆ, ನೂರಕ್ಕೆ 6ರ ಬಡ್ಡಿಯಂತೆ 20 ಲಕ್ಷ ಬೇಕು. ಅದು ಆಗುವವರೆಗೆ ಮಾಸಿಕ ವಂತಿಗೆ ನಡೆಯಲಿ. ಹನಿಹನಿಗೂಡಿದರೆ ಹಳ್ಳ ಎಂದು ನಮ್ಮ ಹಿರಿಯರು ಸುಮ್ಮನೆ ಹೇಳಲಿಲ್ಲ.

ಹಣ ವ್ಯಕ್ತಿಯ ಕೈಗಲ್ಲ, ಶಾಲೆಯ ಖಾತೆಗೆ ಹೋಗಲಿ. ಪ್ರತಿ ಕಾಸಿಗೂ ರಸೀದಿ ಇರಲಿ. ವರುಷಕ್ಕೊಮ್ಮೆ ಲೆಕ್ಕಪತ್ರವನ್ನು ಈ ಸಭೆಯಲ್ಲಿಯೇ ಓದಲಿ. ವಿದೇಶದ ಪೌರತ್ವ ಪಡೆದ ನಮ್ಮ ಮಕ್ಕಳು ಕೊಡುವುದಾದರೆ 2010ರ ವಿದೇಶಿ ದೇಣಿಗೆ ಕಾಯಿದೆ ಅಡ್ಡಬರುತ್ತದೆ. ಆ ಕಾಯಿದೆಯಂತೆ ನೋಂದಣಿಯನ್ನೋ ಪೂರ್ವಾನುಮತಿಯನ್ನೋ ಪಡೆದ ಸಂಸ್ಥೆಗೇ ಕೊಡಬೇಕು.

“ಅದು ಕ್ರೈಸ್ತರ ಶಾಲೆ, ಅವರೇ ನೋಡಿಕೊಳ್ಳಲಿ” ಎನ್ನುವವರಿರಬಹುದು. ನಮಗೆ ಅಆಇಈ ಕಲಿಸುವಾಗ ಆ ಶಾಲೆ ನಮ್ಮ ಮತವನ್ನು ಕೇಳಲಿಲ್ಲ. ಮೈಸೂರು, ಧಾರವಾಡದ ಕಡೆಯ ಬಂಧುಗಳಿಗೂ ನಮ್ಮ ವಿನಂತಿ ಇಷ್ಟೇ: ತಾವು ಕಲಿತ ಕನ್ನಡ ಶಾಲೆ ಯಾವುದೇ ಆಗಲಿ, ಅದನ್ನು ನೆನೆಯಿರಿ.

ಸೆಂಟ್ರಲ್ಲಿನಿಂದ ರಾತ್ರಿ ಮಂಗಳೂರು ಮೇಲು ಹತ್ತಿ ಊರಿಗೆ ಹೋದಾಗ ದೇವಸ್ಥಾನಕ್ಕೋ ಇಗರ್ಜಿಗೋ ಮಸೀದಿಗೋ ಹೋಗಿಯೇ ಹೋಗುತ್ತೇವೆ. ಈ ಸಲ ಶಾಲೆಯ ಮೆಟ್ಟಿಲನ್ನೂ ಹತ್ತೋಣ. “ಎಷ್ಟು ಮಕ್ಕಳಿದ್ದಾರೆ? ಎಷ್ಟು ಅಧ್ಯಾಪಕರು ಕಡಿಮೆ?” ಎಂದು ಮುಖ್ಯೋಪಾಧ್ಯಾಯರನ್ನು ಕೇಳಿಕೊಂಡು ಬರೋಣ. ಬಾಗಿಲ ಬಳಿ ಒಂದು ಪುಸ್ತಕವಿಟ್ಟಿದೆ. ಹೊರಡುವ ಮುನ್ನ ತಮ್ಮ ಮೊದಲ ಶಾಲೆಯ ಹೆಸರನ್ನೂ, ಅಲ್ಲಿ ಕಲಿತ ವರುಷಗಳನ್ನೂ ಅದರಲ್ಲಿ ಬರೆಯಬೇಕೆಂದು ಬೇಡಿಕೊಂಡು ನಮ್ಮ ಮಾತು ಮುಗಿಸುತ್ತೇವೆ.