ಮಗನ ಕೈಗೆ ಮೊದಲ ಚೀಟಿ ಕೊಟ್ಟವರು ಯಾರು?



ಕುಟುಂಬ ಕಲ್ಯಾಣವೆಂದೊಡನೆ ಮಕ್ಕಳೆಷ್ಟಿರಬೇಕು, ಒಂದು ಹೆರಿಗೆಗೂ ಇನ್ನೊಂದು ಹೆರಿಗೆಗೂ ಎಷ್ಟು ಅಂತರವಿರಬೇಕು ಎಂಬ ಮಾತೇ ನಿಮ್ಮ ನೆನಪಿಗೆ ಬರುವುದು ಸಹಜ. ಆ ಮಾತನ್ನು ನೀವು ಹಲವು ಸಲ ಕೇಳಿದ್ದೀರಿ. ಇಂದು ನಾನು ಹೇಳಬೇಕೆಂದಿರುವುದು ಅದರ ಮುಂದಿನ ಮಾತು. ಹೆತ್ತು, ಲಸಿಕೆ ಹಾಕಿಸಿ, ಶಾಲೆಗೆ ಕಳುಹಿಸಿ ಬೆಳೆಸಿದ ಮಗನು ಹದಿನಾಲ್ಕು ಹದಿನೈದನೆಯ ವಯಸ್ಸಿನಲ್ಲಿ ಮಾದಕ ಪದಾರ್ಥಗಳ ವಶವಾದರೆ, ಸಂಸಾರವು ಚಿಕ್ಕದಾಗಿದ್ದರೂ ಸುಖವೆಲ್ಲಿಯದು?

ನಿಮಗೆ ಚೆನ್ನಾಗಿ ಪರಿಚಯವಿರುವ ಒಂದು ದೃಶ್ಯವನ್ನು ನೆನಪಿಸುತ್ತೇನೆ. ಸಂಜೆಯ ಹೊತ್ತು. ತಂದೆಯು ಹೊಲದಿಂದ ಬಂದು ಕಟ್ಟೆಯ ಮೇಲೆ ಕುಳಿತಿದ್ದಾನೆ. ಏಳು ವರ್ಷದ ಮಗನ ಕೈಗೆ ಹಣ ಕೊಟ್ಟು, "ತಮ್ಮಾ, ಅಂಗಡಿಗೆ ಹೋಗಿ ಎರಡು ಚೀಟಿ ತೊಗೊಂಡು ಬಾ, ಉಳಿದದ್ದರಾಗ ನೀ ಪೆಪ್ಪರಮಿಂಟ್ ತೊಗೊ" ಎನ್ನುತ್ತಾನೆ. ಇದರಲ್ಲಿ ತಪ್ಪೇನೆಂದು ಯಾರಿಗೂ ತೋರುವುದಿಲ್ಲ. ಆದರೆ ಆ ಬಾಲಕನು ಅಂದು ಬಹಳಷ್ಟನ್ನು ಕಲಿತನು. ಆ ಚೀಟಿಯು ದೊಡ್ಡವರಾದ ಗಂಡಸರ ವಸ್ತು ಎಂದು ಕಲಿತನು. ಅಂಗಡಿಯವನು ತನ್ನಂಥ ಹುಡುಗನಿಗೂ ಅದನ್ನು ಕೊಡುತ್ತಾನೆಂದು ಕಲಿತನು. ತಂದುಕೊಟ್ಟರೆ ಸಿಹಿ ಸಿಗುತ್ತದೆಂದೂ ಕಲಿತನು. ನಾನು ಯಾರನ್ನೂ ದೂಷಿಸುತ್ತಿಲ್ಲ. ಚಿಕ್ಕಂದಿನಲ್ಲಿ ನಾನೂ ಅಜ್ಜನಿಗೆ ಬೀಡಿ ತಂದುಕೊಟ್ಟವನೇ. ತಂದುಕೊಟ್ಟದ್ದಷ್ಟೇ ಅಲ್ಲ, ಒಲೆಯ ಕೆಂಡದಿಂದ ಹೊತ್ತಿಸಿಯೂ ಕೊಟ್ಟಿದ್ದೇನೆ. ಬೀಡಿಯನ್ನು ಹೊತ್ತಿಸಬೇಕಾದರೆ ಒಂದು ದಮ್ಮು ಎಳೆಯಲೇಬೇಕಲ್ಲವೇ?

ಮಕ್ಕಳು ಕೆಡುವುದು ಪಟ್ಟಣದಲ್ಲಿ, ಕಾಲೇಜುಗಳಲ್ಲಿ ಎಂಬ ಭಾವನೆ ಹಳ್ಳಿಗಳಲ್ಲಿ ಇನ್ನೂ ಉಳಿದಿದೆ. ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಈ ಮೂರು ತಾಲ್ಲೂಕುಗಳ ಸ್ಥಿತಿಯನ್ನು ನೋಡಿರಿ. ಹಾವೇರಿ ಮತ್ತು ರಾಣೆಬೆನ್ನೂರಿನ ಪಕ್ಕದಲ್ಲಿ, ಬ್ಯಾಡಗಿ ತಾಲ್ಲೂಕಿನ ಮೋಟೆಬೆನ್ನೂರಿನ ಮೇಲೆ, ಪುಣೆ ಬೆಂಗಳೂರು ಹೆದ್ದಾರಿಯು ಹಾದುಹೋಗಿದೆ. ಆ ದಾರಿಯಲ್ಲಿ ಹಗಲಿರುಳೂ ಲಾರಿಗಳು ಓಡುತ್ತವೆ, ಢಾಬಾಗಳು ತೆರೆದಿರುತ್ತವೆ. ಬೇಸಿಗೆ ಹತ್ತಿರವಾದಂತೆ ಬ್ಯಾಡಗಿಯ ಮಾರುಕಟ್ಟೆಗೆ ಕೆಂಪು ಮೆಣಸಿನಕಾಯಿಯ ಚೀಲಗಳು ರಾಶಿರಾಶಿಯಾಗಿ ಬರುತ್ತವೆ. ಹಮಾಲಿಗೆ, ತೊಟ್ಟು ಬಿಡಿಸುವುದಕ್ಕೆ, ಲಾರಿ ತುಂಬುವುದಕ್ಕೆ ಊರೂರಿನ ಜನರು ಹೋಗುತ್ತಾರೆ. ಶಾಲೆ ಬಿಟ್ಟ ಹುಡುಗರೂ ಹೋಗುತ್ತಾರೆ. ಘಾಟಿನ ನಡುವೆ ದಿನವಿಡೀ ದುಡಿದ ಹುಡುಗನ ಕೈಗೆ ಸಂಜೆ ಕೂಲಿ ಬರುತ್ತದೆ. ಜೊತೆಗಿರುವ ಹಿರಿಯರು ಬಾಯಿಗೆ ಗುಟ್ಕಾ ಹಾಕಿಕೊಂಡು, "ಮೈನೋವು ಹೋಗತದ, ನೀನೂ ಹಾಕ್ಕೊ" ಎನ್ನುತ್ತಾರೆ. ಕೆಟ್ಟ ಸಹವಾಸವೆಂದು ನಾವು ಕರೆಯುವುದು ಬಹುಮಟ್ಟಿಗೆ ಇಂಥದ್ದೇ. ಕೊಡುವವನು ಖಳನಲ್ಲ, ನಿಮ್ಮ ಓಣಿಯವನೇ, ಕೆಲವೊಮ್ಮೆ ನಿಮ್ಮ ಬೀಗನೇ.

ಕಾನೂನು ಇಲ್ಲವೆಂದಲ್ಲ. 2007ರ ಜುಲೈ 1ರಿಂದ ನಮ್ಮ ರಾಜ್ಯದಲ್ಲಿ ಸಾರಾಯಿ ನಿಷೇಧವಾಯಿತು. 2013ರ ಮೇ 31ರಂದು ಗುಟ್ಕಾ ನಿಷೇಧವಾಯಿತು. ಆಗ ವ್ಯಾಪಾರವು ಉಪಾಯ ಹುಡುಕಿತು: ಪಾನ್ ಮಸಾಲೆಯ ಚೀಟಿ ಬೇರೆ, ತಂಬಾಕಿನ ಚೀಟಿ ಬೇರೆ. ಕೊಂಡವನು ಎರಡನ್ನೂ ಅಂಗೈಯಲ್ಲಿ ಬೆರೆಸಿಕೊಂಡರೆ ಮುಗಿಯಿತು. 2025ರಲ್ಲಿ ಜಾರಿಗೆ ಬಂದ ತಿದ್ದುಪಡಿಯಂತೆ 21 ವರ್ಷ ತುಂಬದವರಿಗೆ ತಂಬಾಕಿನ ಯಾವ ವಸ್ತುವನ್ನೂ ಮಾರುವಂತಿಲ್ಲ. ಮಕ್ಕಳಿಗೆ ಮದ್ಯ, ತಂಬಾಕು ಅಥವಾ ಮಾದಕ ಪದಾರ್ಥ ಕೊಟ್ಟವರಿಗೆ 2015ರ ಬಾಲನ್ಯಾಯ ಕಾಯ್ದೆಯಲ್ಲಿ ಏಳು ವರ್ಷಗಳವರೆಗೆ ಸೆರೆವಾಸದ ಶಿಕ್ಷೆಯಿದೆ. ಇಷ್ಟಿದ್ದರೂ, ತಂದೆಯೇ ಕಳುಹಿಸಿದ ಹುಡುಗನನ್ನು ಅಂಗಡಿಯವನು ಹಿಂದಕ್ಕೆ ಕಳುಹಿಸುವನೆಂದು ನಾವು ಹೇಗೆ ನಂಬುವುದು?

ತಂಬಾಕು ಹಾಕಿದವರೆಲ್ಲರೂ ಗಾಂಜಾಕ್ಕೆ ಹೋಗುತ್ತಾರೆಂದು ಹೇಳಿ ನಿಮ್ಮನ್ನು ಹೆದರಿಸಲಾರೆ, ಅದು ಸತ್ಯವಲ್ಲ. ಆದರೆ ಮನುಷ್ಯನ ಮೆದುಳು ಇಪ್ಪತ್ತನ್ನು ದಾಟಿದ ಮೇಲೂ ಕೆಲವು ವರ್ಷ ಬೆಳೆಯುತ್ತಿರುತ್ತದೆ. ಬೆಳೆಯುವ ಮೆದುಳಿಗೆ ಚಟವು ಬೇಗನೆ ಅಂಟುತ್ತದೆ, ತಡವಾಗಿ ಬಿಡುತ್ತದೆ. ಅಡಿಕೆ ತಂಬಾಕುಗಳನ್ನು ಸದಾ ಜಗಿಯುವ ಹುಡುಗನ ಕೆನ್ನೆಯ ಒಳಪದರವು ಬಿಗಿದುಕೊಂಡು, ಕಾಲಕ್ರಮದಲ್ಲಿ ಬಾಯಿ ತೆರೆಯುವುದೇ ಕಷ್ಟವಾಗುತ್ತದೆ. ಮುಂದೆ ಇದು ಕ್ಯಾನ್ಸರಿಗೂ ತಿರುಗಬಹುದು. ಮಗನ ಕೈಯ ಮೂರು ಬೆರಳುಗಳನ್ನು ಜೋಡಿಸಿ, ಒಂದರ ಮೇಲೊಂದು ನಿಲ್ಲುವಂತೆ ಅವನದೇ ಬಾಯಿಗೆ ಇಡಲು ಹೇಳಿರಿ. ಬೆರಳುಗಳು ಒಳಹೋಗದಿದ್ದರೆ, ಖಾರದ ಊಟವು ಉರಿಯುತ್ತದೆಂದು ಅವನು ಹೇಳಿದರೆ, ವೈದ್ಯರಲ್ಲಿಗೆ ಕರೆದೊಯ್ಯಿರಿ. ಎಳೆಯ ವಯಸ್ಸಿನಲ್ಲಿ ಗಾಂಜಾ ಸೇದಿದವರಲ್ಲಿ ಕೆಲವರಿಗೆ ಮತಿಭ್ರಮಣೆ ಉಂಟಾಗುವುದು. ಯಾರೋ ತನ್ನನ್ನು ಹಿಂಬಾಲಿಸುತ್ತಿದ್ದಾರೆ, ಗೋಡೆಯ ಆಚೆ ತನ್ನ ವಿಷಯವನ್ನೇ ಮಾತಾಡುತ್ತಿದ್ದಾರೆ ಎನ್ನುತ್ತಾರೆ. ಇದನ್ನು ಗಾಳಿ ಸೋಕಿದ್ದೆಂದು ತಿಳಿದು ತಿಂಗಳುಗಟ್ಟಲೆ ಕಾಲ ಕಳೆಯಬೇಡಿರಿ.

ರೈತ ಸಹೋದರರಿಗೆ ಇನ್ನೊಂದು ಮಾತು. ಬೆಳೆಯ ಸಾಲಿನ ನಡುವೆ ನಾಲ್ಕು ಗಾಂಜಾ ಗಿಡ ಹಚ್ಚಿರೆಂದು ಹಣದ ಆಸೆ ತೋರಿಸುವವರು ಬರಬಹುದು. 1985ರ ಮಾದಕ ವಸ್ತುಗಳ ಕಾಯ್ದೆಯಂತೆ ಗಾಂಜಾ ಬೆಳೆದವನಿಗೆ ಹತ್ತು ವರ್ಷಗಳವರೆಗೆ ಕಠಿಣ ಸೆರೆವಾಸ, ಒಂದು ಲಕ್ಷ ರೂಪಾಯಿಗಳವರೆಗೆ ದಂಡ.

ಈಗ ತಾಯಂದಿರಲ್ಲಿ ಒಂದು ಬಿನ್ನಹ. ಮಗನ ಅಂಗಿಯನ್ನು ಒಗೆಯುವಾಗ ಜೇಬಿನಲ್ಲಿ ಚೀಟಿ ಸಿಕ್ಕಿತೆಂದರೆ ಮೊದಲು ತಿಳಿಯುವವರು ನೀವು. ಡಬ್ಬಿಯಲ್ಲಿಟ್ಟ ಹಣ ಕಡಿಮೆಯಾದುದು, ಅವನು ಊಟದ ಹೊತ್ತಿಗೆ ಬಾರದಿರುವುದು, ಹಳೆಯ ಗೆಳೆಯರನ್ನು ಬಿಟ್ಟುದು, ಪಂಕ್ಚರ್ ಅಂಟಿನ ವಾಸನೆ ಅವನ ಕರವಸ್ತ್ರದಲ್ಲಿ ಇರುವುದು, ಇವು ನಿಮ್ಮ ಗಮನಕ್ಕೆ ಬಾರದೆ ಇರಲಾರವು. ಆದರೆ ಗಂಡನು ಹುಡುಗನನ್ನು ಹೊಡೆದಾನೆಂಬ ಭಯದಿಂದ, "ನಿಮ್ಮಪ್ಪಗ ನಾ ಹೇಳೂದಿಲ್ಲ, ಇನ್ನೊಮ್ಮೆ ಮಾಡಬ್ಯಾಡ" ಎಂದು ನೀವು ಮುಚ್ಚಿಡುತ್ತೀರಿ. ಆ ಮುಚ್ಚಿಟ್ಟ ಗುಟ್ಟೇ ಹುಡುಗನಿಗೆ ಆಸರೆಯಾಗುತ್ತದೆ. ಇದಕ್ಕೆ ತಾಯಿಯೊಬ್ಬಳೇ ಹೊಣೆಯಲ್ಲ. ಹೇಳಿದರೆ ಬಡಿಗೆ ಎತ್ತುವ ತಂದೆಗೆ ಮನೆಯ ಸುದ್ದಿಯನ್ನು ಯಾರು ತಾನೇ ಹೇಳಿಯಾರು? ಗಂಡಹೆಂಡಿರಿಬ್ಬರೂ ಮೊದಲು ತಮ್ಮತಮ್ಮಲ್ಲಿ ಒಂದು ಕರಾರು ಮಾಡಿಕೊಳ್ಳಬೇಕು: ಅವಳು ಮುಚ್ಚಿಡಬಾರದು, ಅವನು ಹೊಡೆಯಬಾರದು. ಅನಂತರ ಇಬ್ಬರೂ ಕೂಡಿ ಮಗನನ್ನು ಕೂಡಿಸಿಕೊಂಡು ಮಾತನಾಡಬೇಕು. ಆ ಹೊತ್ತಿನಲ್ಲಿ ತಂದೆಯ ಬಾಯಲ್ಲಿ ಗುಟ್ಕಾ ಇದ್ದರೆ ಮಾತಿಗೆ ತೂಕ ಬಾರದು.

ಇನ್ನು ಮದುವೆಯ ವಿಷಯ. ಹುಡುಗ ದಾರಿ ತಪ್ಪಿದನೆಂದರೆ, "ಒಂದು ಗಂಟು ಹಾಕಿಬಿಡ್ರಿ, ಸುಧಾರಿಸತಾನ" ಎನ್ನುವ ಹಿರಿಯರು ಪ್ರತಿ ಊರಿನಲ್ಲಿಯೂ ಇದ್ದಾರೆ. ಕೆಲವು ವರ್ಷಗಳ ಹಿಂದೆ ಒಂದು ಹೆರಿಗೆ ವಾರ್ಡಿನಲ್ಲಿ ಒಬ್ಬ ಅತ್ತೆಯನ್ನು ಕಂಡೆನು. ಸೊಸೆಗೆ ಏಳು ತಿಂಗಳು; ಗಂಡನು ಕುಡಿದು ಬಂದು ಹೊಟ್ಟೆಗೆ ಒದ್ದಿದ್ದನು. ಮಗು ಉಳಿಯಲಿಲ್ಲ. ಆ ಅತ್ತೆ ಗೋಡೆಗೆ ಒರಗಿ ಕುಳಿತು, "ಇವನ ಚಟ ನನಗ ಮೊದಲ ಗೊತ್ತಿತ್ತು. ಸೊಸಿ ಬಂದರ ಬಿಡಸತಾಳ ಅಂತ ತಿಳಕೊಂಡಿದ್ದೆ" ಎಂದಳು. ಅವಳು ಕೆಟ್ಟವಳಾಗಿರಲಿಲ್ಲ. ಸೊಸೆಯ ತಲೆಯನ್ನು ಇಡೀ ರಾತ್ರಿ ನೇವರಿಸುತ್ತ ಕುಳಿತಿದ್ದಳು. ಪರರ ಮನೆಯ ಹೆಣ್ಣು ಮಗಳು ನಮ್ಮ ಮಗನ ರೋಗಕ್ಕೆ ಔಷಧವಲ್ಲ. ಮೊದಲು ಚಿಕಿತ್ಸೆ, ಅನಂತರ ಮದುವೆ. ಹೆಣ್ಣು ಕೊಡುವವರೂ ಹೊಲ ಎಷ್ಟಿದೆಯೆಂದು ಕೇಳುವಂತೆ ಇದನ್ನೂ ನಾಚದೆ ಕೇಳಬೇಕು.

ಚಟವು ರೋಗವೇ, ಅದಕ್ಕೆ ಚಿಕಿತ್ಸೆ ಉಂಟು. ಊಟದಲ್ಲಿ ಗುಟ್ಟಾಗಿ ಬೆರೆಸಿ ಕುಡಿತ ಬಿಡಿಸುವ ಪುಡಿ ಎಂದು ಮಾರುವವರ ಮಾತಿಗೆ ಮರುಳಾಗಬೇಡಿರಿ. ಅಂಥ ಕೆಲವು ಔಷಧಗಳ ಮೇಲೆ ಮದ್ಯ ಬಿದ್ದರೆ ಜೀವಕ್ಕೇ ಅಪಾಯ. ಬಹುಕಾಲ ಕುಡಿದವನನ್ನು ಕೋಣೆಯಲ್ಲಿ ಕೂಡಿಹಾಕಿ ಒಮ್ಮೆಲೇ ಬಿಡಿಸುವುದೂ ಕೂಡದು, ಫಿಟ್ಸ್ ಬರಬಹುದು. ಧಾರವಾಡದ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆಯು ನಮ್ಮಿಂದ ಬಹು ದೂರವೇನೂ ಇಲ್ಲ. ಅಷ್ಟು ದೂರವೂ ಆಗದಿದ್ದರೆ ಮನೋಚೈತನ್ಯ ಕಾರ್ಯಕ್ರಮದಂತೆ ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಗೊತ್ತಾದ ದಿನ ಬರುತ್ತಾರೆ. ಮನೆಯಿಂದಲೇ ಕೇಳಬೇಕೆಂದರೆ 14416ಕ್ಕೆ ದೂರವಾಣಿ ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು, ಹಣ ಖರ್ಚಾಗದು. ವ್ಯಸನ ಬಿಡಿಸುವುದಕ್ಕೆಂದೇ 14446 ಎಂಬ ಸಂಖ್ಯೆಯೂ ಇದೆ. ಆಸ್ಪತ್ರೆಗೆ ಹೋದರೆ ಪೊಲೀಸರು ಹಿಡಿಯುತ್ತಾರೆಂದು ಅನೇಕರು ಅಂಜುತ್ತಾರೆ. ಸೇವನೆಯ ಅಥವಾ ಅಲ್ಪ ಪ್ರಮಾಣದ ಪ್ರಕರಣದಲ್ಲಿ ಸಿಕ್ಕ ವ್ಯಸನಿಯು ತಾನಾಗಿ ಚಿಕಿತ್ಸೆ ಬಯಸಿ ಅದನ್ನು ಪೂರ್ಣಗೊಳಿಸಿದರೆ, ಮೊಕದ್ದಮೆಯಿಂದ ರಕ್ಷಣೆಯನ್ನು ಆ ಕಾಯ್ದೆಯೇ ಕೊಟ್ಟಿದೆ.

ಬಿಟ್ಟವನು ಮತ್ತೆ ಹಿಡಿಯುವುದುಂಟು. ಆಗ "ಇವನ ಹಣೆಬರಹವೇ ಇಷ್ಟು" ಎಂದು ಕೈಬಿಡದೆ ಮತ್ತೆ ಕರೆದುಕೊಂಡು ಬನ್ನಿರಿ; ಎರಡನೆಯ ಸಲ ಬಂದವರನ್ನು ನಾವು ಬೈಯುವುದಿಲ್ಲ. ಮನೋವೈದ್ಯರು ಬರುವ ದಿನ ಯಾವುದೆಂಬುದನ್ನು ನಿಮ್ಮ ಊರಿನ ಆಶಾ ಕಾರ್ಯಕರ್ತೆ ಬಲ್ಲಳು. ಇಂದು ಮನೆಗೆ ಹೋಗುವ ದಾರಿಯಲ್ಲಿಯೇ ಅವಳನ್ನು ಕೇಳಿಕೊಂಡು ಹೋಗಿರಿ.